ಟೈನ್ ತೀರದಿಂದ ಹೊರಟವರು

ಲಂಡನ್ನಿನಿಂದ ಉತ್ತರಾಭಿಮುಖವಾಗಿ ಬರುವ ರೈಲು ಗೇಟ್ಸ್‌ಹೆಡ್ ಊರನ್ನು ಹಿಂದಿಕ್ಕಿ ಟೈನ್ ನದಿಯ ಮೇಲಣ ಸೇತುವೆಯನ್ನು ಏರಿದೊಡನೆ, ಮೊದಲ ಸಲ ಬರುವ ಪ್ರಯಾಣಿಕ ಬಲಗಡೆಯ ಕಿಟಕಿಯಿಂದ ಮುಖ ತೆಗೆಯಲಾರ. ಕೆಳಗೆ ಆಳವಾದ ಕಮರಿ. ಕಮರಿಯಲ್ಲಿ ಬೂದುಬಣ್ಣದ ನೀರು. ನೀರಿನ ಮೇಲೆ ಒಂದರ ಹಿಂದೊಂದು ಸೇತುವೆ. ರಾಬರ್ಟ್ ಸ್ಟೀಫನ್‌ಸನ್ 1849ರಲ್ಲಿ ಕಟ್ಟಿ ಮುಗಿಸಿದ ಎರಡಂತಸ್ತಿನ ಸೇತುವೆ ಒಂದು. ಹಡಗುಗಳಿಗೆ ದಾರಿಬಿಡಲು ನಡುವಿನಲ್ಲಿ ತಿರುಗಿ ನಿಲ್ಲುವಂತೆ 1876ರಲ್ಲಿ ಆರ್ಮ್‌ಸ್ಟ್ರಾಂಗ್ ನಿರ್ಮಿಸಿದ್ದು ಮತ್ತೊಂದು. ಇವೆರಡನ್ನೂ ಮೀರಿ ಆಕಾಶಕ್ಕೆ ಬಿಲ್ಲು ಹೂಡಿದಂತೆ ನಿಂತಿರುವ, ಐದನೆಯ ಜಾರ್ಜ್ ದೊರೆ 1928ರಲ್ಲಿ ಉದ್ಘಾಟಿಸಿದ ಉಕ್ಕಿನ ಸೇತುವೆ ಇನ್ನೊಂದು. ಇದು ನ್ಯೂಕ್ಯಾಸಲ್. ಇಂಗ್ಲೆಂಡಿನ ಈಶಾನ್ಯ ಮೂಲೆಯ, ಕಲ್ಲಿದ್ದಲಿನ ಹೆಸರಿನೊಡನೆ ಹೆಣೆದುಕೊಂಡ ನಗರ.

ಈ ಊರಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಹೊರಗೆ ಕಳುಹಿಸಿಕೊಟ್ಟ ವಸ್ತುಗಳ ಚರಿತ್ರೆ. ಶತಮಾನಗಳ ಕಾಲ ಲಂಡನ್ನಿನ ಒಲೆಗಳಿಗೆ ಇಲ್ಲಿಂದ ಕಲ್ಲಿದ್ದಲು ಹೋಯಿತು. ನದಿಯ ಕೆಳದಂಡೆಯ ವಾಲ್ಸೆಂಡಿನಲ್ಲಿ ಕಟ್ಟಿದ ಹಡಗುಗಳು ಲೋಕದ ಎಲ್ಲ ಸಮುದ್ರಗಳಿಗೂ ಹೋದವು. 1906ರಲ್ಲಿ ನೀರಿಗಿಳಿದ ‘ಮಾರಿಟೇನಿಯಾ’ ಎಂಬ ಮಹಾನೌಕೆ ಇಲ್ಲಿಯ ಕೈಗಳ ಕೆಲಸವೇ. ಇಂದು ಗಣಿಗಳು ಮುಚ್ಚಿವೆ, ಹಡಗುಕಟ್ಟೆಗಳ ಸುತ್ತಿಗೆಯ ಸದ್ದು ಅಡಗಿದೆ. ಉಳಿದಿರುವ ದೊಡ್ಡ ಸದ್ದೆಂದರೆ ಶನಿವಾರ ಸಂಜೆಯದು. ಅದು ನದಿಯ ಕಡೆಯಿಂದ ಬರುವುದಿಲ್ಲ, ಗುಡ್ಡದ ಮೇಲಿನಿಂದ ಬರುತ್ತದೆ.

ಇತರ ನಗರಗಳಲ್ಲಿ ಕ್ರೀಡಾಂಗಣಗಳನ್ನು ಊರಾಚೆಗೆ ಸಾಗಿಸಿದ್ದಾರೆ. ನ್ಯೂಕ್ಯಾಸಲ್ಲಿನಲ್ಲಿ ಅದು ಊರ ನಡುವೆ, ಎತ್ತರದ ಜಾಗದಲ್ಲಿ, ದೇವಸ್ಥಾನವಿರಬೇಕಾದ ಕಡೆ ನಿಂತಿದೆ. ಸೇಂಟ್ ಜೇಮ್ಸ್ ಪಾರ್ಕ್ ಎಂದು ಅದರ ಹೆಸರು. 1880ರಿಂದ ಅಲ್ಲಿ ಕಾಲ್ಚೆಂಡಿನಾಟ ನಡೆದಿದೆ. 1892ರಲ್ಲಿ ಊರಿನ ಮೂಡಣ ಪಡುವಣ ತಂಡಗಳ ಸ್ಪರ್ಧೆ ಮುಗಿದು ನ್ಯೂಕ್ಯಾಸಲ್ ಯುನೈಟೆಡ್ ಎಂಬ ಒಂದೇ ಕ್ಲಬ್ಬು ಉಳಿಯಿತು. ಸುಮಾರು 52,000 ಜನ ಕೂರಬಹುದಾದ ಈ ಕಟ್ಟಡ ದೂರದಿಂದ ನೋಡಿದರೆ ಒಂದು ಕಡೆಗೆ ವಾಲಿದಂತೆ ತೋರುತ್ತದೆ. ಪಶ್ಚಿಮದ ಅಟ್ಟಣೆ ಮುಗಿಲಿಗೆ ಏರಿದೆ, ಪೂರ್ವದ್ದು ತಗ್ಗಾಗಿಯೇ ಉಳಿದಿದೆ. ಕಾರಣವಿಷ್ಟೆ: ಪೂರ್ವಕ್ಕೆ ಬೆನ್ನಿಗೆ ಬೆನ್ನು ತಾಗಿದಂತೆ 1830ರ ಸುಮಾರಿನ ಲೀಝಸ್ ಟೆರೇಸ್ ಎಂಬ ಸುಂದರವಾದ ಮನೆಸಾಲು ಇದೆ. ಅದನ್ನು ಮುಟ್ಟುವಂತಿಲ್ಲ, ಅದರ ಬೆಳಕನ್ನು ಕಸಿಯುವಂತಿಲ್ಲ. ಹಣಕ್ಕೆ ಬಗ್ಗದ ನೆರೆಹೊರೆ ಇನ್ನೂ ಅಲ್ಲಲ್ಲಿ ಇದೆಯೆಂಬುದು ಸಂತೋಷದ ಸಂಗತಿ!

ದಕ್ಷಿಣದ ತುದಿಗೆ ಗ್ಯಾಲೊಗೇಟ್ ಎಂದು ಹೆಸರು. ಮರಣದಂಡನೆಗೆ ಗುರಿಯಾದವರನ್ನು ಹಿಂದಿನ ಕಾಲದಲ್ಲಿ ಗಲ್ಲುಗಂಬಕ್ಕೆ ಕರೆದೊಯ್ಯುತ್ತಿದ್ದ ದಾರಿ ಅದು. ಉತ್ತರಕ್ಕೆ ಹೊರಳಿದರೆ ಟೌನ್ ಮೂರ್ ಎಂಬ ವಿಶಾಲವಾದ ಗೋಮಾಳ. ನಗರದ ಹಕ್ಕುದಾರ ಪ್ರಜೆಗಳಿಗೆ ಅಲ್ಲಿ ದನ ಮೇಯಿಸುವ ಹಳೆಯ ಹಕ್ಕು ಇಂದಿಗೂ ಇದೆ. ಬೇಸಗೆಯಲ್ಲಿ ಕ್ರೀಡಾಂಗಣದಿಂದ ಕೂಗಳತೆಯಲ್ಲಿ ಹಸುಗಳು ನೆಮ್ಮದಿಯಾಗಿ ಮೆಲುಕುಹಾಕುತ್ತಿರುತ್ತವೆ.

ಪಂದ್ಯದ ದಿನ ಬೀದಿಗಳೆಲ್ಲ ಕಪ್ಪು ಬಿಳಿ ಪಟ್ಟೆಗಳು. ಅಜ್ಜ, ಮಗ, ಮೊಮ್ಮಗಳು ಮೂವರೂ ಒಂದೇ ಬಗೆಯ ಅಂಗಿ ತೊಟ್ಟು ಗುಡ್ಡ ಹತ್ತುತ್ತಾರೆ. ಗೆದ್ದ ವರ್ಷಗಳನ್ನು ಇವರು ಬೆರಳ ಮೇಲೆ ಎಣಿಸಬಲ್ಲರು. ಲೀಗ್ ಪ್ರಶಸ್ತಿ ಕೊನೆಯ ಸಲ ಬಂದದ್ದು 1927ರಲ್ಲಿ. ಆಶಿಂಗ್ಟನ್ನಿನ ಗಣಿಗಾರರ ಮನೆತನದ ಜ್ಯಾಕಿ ಮಿಲ್ಬರ್ನ್ ಇದ್ದ ಕಾಲದಲ್ಲಿ, 1951, 1952 ಮತ್ತು 1955ರಲ್ಲಿ, ಎಫ್. ಎ. ಕಪ್ಪು ಬಂತು. ಅನಂತರ ದೇಶದೊಳಗಿನ ಪ್ರಮುಖ ಪ್ರಶಸ್ತಿಯೊಂದಕ್ಕಾಗಿ ಎಪ್ಪತ್ತು ವರ್ಷ ಕಾಯಬೇಕಾಯಿತು. ಇಂಥ ಊರಿಗೆ ಗೆಲುವಿಗಿಂತ ಗೆಲ್ಲಿಸಬಲ್ಲ ಮನುಷ್ಯ ದೊಡ್ಡವನಾಗುತ್ತಾನೆ. ಹಾಗೆಂದೇ ಅಂಥ ಮನುಷ್ಯ ‘ನನ್ನನ್ನು ಬಿಟ್ಟುಬಿಡಿ’ ಎಂದು ಕೇಳಿದ ದಿನ ಇಲ್ಲಿ ಮನೆಯೊಳಗಿನ ಜಗಳದಂಥ ಕ್ಷೋಭೆ ಏಳುತ್ತದೆ.

ಆ ಮಾತನ್ನು ಅತ್ಯಂತ ದೃಢವಾಗಿ ಕೇಳಿದವನು ಜಾರ್ಜ್ ಈಸ್ಟಮ್. ಬ್ಲ್ಯಾಕ್‌ಪೂಲಿನಲ್ಲಿ 1936ರಲ್ಲಿ ಜನಿಸಿದ ಈತ, ಇಂಗ್ಲೆಂಡಿಗೆ ಆಡಿದ್ದ ತಂದೆಯ ಹೆಸರನ್ನೇ ಹೊತ್ತ ಮಗ. ಕೃಶವಾದ ಮೈಕಟ್ಟು, ಚೆಂಡನ್ನು ಸೂಜಿಯ ಕಣ್ಣಿನಲ್ಲಿ ತೂರಿಸಬಲ್ಲ ಕಾಲು. 1956ರಲ್ಲಿ ಉತ್ತರ ಐರ್ಲೆಂಡಿನ ಆರ್ಡ್ಸ್ ತಂಡದಿಂದ ನ್ಯೂಕ್ಯಾಸಲ್ಲಿಗೆ ಬಂದ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮನಸ್ಸು ಮುರಿಯಿತು. ಕ್ಲಬ್ಬು ಒದಗಿಸಿದ ಮನೆ ವಾಸಕ್ಕೆ ತಕ್ಕುದೇ ಎಂಬ ವಿವಾದ. ಆಟದ ಜೊತೆಗೆ ಕೊಡಿಸಿದ ಉಪವೃತ್ತಿ ತೃಪ್ತಿಕರವಲ್ಲವೆಂಬ ಅಸಮಾಧಾನ. ಇಂಗ್ಲೆಂಡಿನ ಕಿರಿಯರ ತಂಡಕ್ಕೆ ಆಡುವುದಕ್ಕೆ ಅಡ್ಡಿಪಡಿಸುತ್ತಿದ್ದಾರೆಂಬ ನೋವು. ಆತ ಹೊಸ ಕರಾರಿಗೆ ರುಜು ಹಾಕಲು ಒಪ್ಪದೆ ತನ್ನನ್ನು ಬೇರೆಡೆಗೆ ಕಳುಹಿಸಿಕೊಡುವಂತೆ ಬೇಡಿದ. ಕ್ಲಬ್ಬು ನಿರಾಕರಿಸಿತು.

ಕರಾರು ಮುಗಿದ ಮೇಲೆ ನಿರಾಕರಿಸುವುದಕ್ಕೆ ಇವರು ಯಾರು ಎಂದು ವಾಚಕರು ಕೇಳಬಹುದು. ಆಗಿನ ಇಂಗ್ಲಿಷ್ ಕಾಲ್ಚೆಂಡಿನ ವಿಚಿತ್ರ ನ್ಯಾಯ ಅಡಗಿದ್ದುದು ಅಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದ ಪದ್ಧತಿಯಂತೆ, ಪ್ರತಿ ಋತುವಿನ ಕೊನೆಯಲ್ಲಿ ಕ್ಲಬ್ಬು ತಾನು ಉಳಿಸಿಕೊಳ್ಳುವವರ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿದ್ದವನು, ಕರಾರು ಮುಗಿದಿದ್ದರೂ, ಕ್ಲಬ್ಬಿನ ಅನುಮತಿಯಿಲ್ಲದೆ ಲೀಗಿನ ಮತ್ತಾವ ತಂಡಕ್ಕೂ ಆಡುವಂತಿರಲಿಲ್ಲ. ಹೊಸ ಕರಾರಿಗೆ ರುಜು ಹಾಕದಿದ್ದರೆ ಅವನಿಗೆ ಸಂಬಳ ಕೊಡುವ ಕಟ್ಟುಪಾಡೂ ಕ್ಲಬ್ಬಿಗೆ ಇರಲಿಲ್ಲ. ಆ ಸಂಬಳವಾದರೂ ಎಷ್ಟು? ಎಂಥ ಪ್ರತಿಭಾವಂತನಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಮಿತಿಯಿತ್ತು. ಗುಡ್ಡದ ಮೇಲೆ ಹತ್ತಾರು ಸಾವಿರ ಜನ ಟಿಕೇಟು ಕೊಂಡು ಯಾರನ್ನು ನೋಡಲು ಬರುತ್ತಿದ್ದರೋ, ಅವನ ಕೂಲಿ ಇಷ್ಟು. ಅವನ ಬಿಡುಗಡೆ ಮತ್ತೊಬ್ಬರ ಜೇಬಿನಲ್ಲಿ.

ಈಸ್ಟಮ್ ಆಟವನ್ನೇ ನಿಲ್ಲಿಸಿದ. ದಕ್ಷಿಣಕ್ಕೆ, ಲಂಡನ್ನಿನಿಂದಾಚೆ ಸರ್ರೆ ಸೀಮೆಯ ಗಿಲ್ಡ್‌ಫರ್ಡ್ ಪಟ್ಟಣಕ್ಕೆ ಹೋಗಿ, ಎರ್ನಿ ಕ್ಲೇ ಎಂಬ ವ್ಯಾಪಾರಿಯ ಬಳಿ ಸೇರಿಕೊಂಡು ಬಿರಡೆಮರದ ಸರಕು ಮಾರತೊಡಗಿದ. ನ್ಯೂಕ್ಯಾಸಲ್ಲಿನಲ್ಲಿ ಹೊಸ ಋತು ಆರಂಭವಾಯಿತು. ಗುಡ್ಡ ಹತ್ತಿದ ಜನ ಮೈದಾನದಲ್ಲಿ ತಮ್ಮ ಆಟಗಾರನನ್ನು ಕಾಣಲಿಲ್ಲ. ಶರತ್ಕಾಲ ಮುಗಿಯುವವರೆಗೆ ಎರಡು ಕಡೆಯವರೂ ಬಗ್ಗಲಿಲ್ಲ. ಕೊನೆಗೆ ಕ್ಲಬ್ಬು ಸೋತು 47,500 ಪೌಂಡಿಗೆ ಆತನನ್ನು ಲಂಡನ್ನಿನ ಆರ್ಸೆನಲ್ ತಂಡಕ್ಕೆ ಮಾರಿತು. 1960ರ ಡಿಸೆಂಬರಿನಲ್ಲಿ, ಋತುವಿನ ನಟ್ಟನಡುವೆ, ಈಸ್ಟಮ್ ಕೆಂಪಂಗಿ ತೊಟ್ಟು ಮೈದಾನಕ್ಕಿಳಿದ.

ಕೇಳಿದ್ದು ಸಿಕ್ಕಿತಲ್ಲ, ಅಲ್ಲಿಗೆ ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಆದರೆ ಮರುತಿಂಗಳೇ, 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆಯೊಡ್ಡಿ ಸಂಬಳದ ಮಿತಿಯನ್ನು ಕಿತ್ತೊಗೆಯಿಸಿತ್ತು. ಉಳಿದಿದ್ದುದು ಪಟ್ಟಿಯ ಪದ್ಧತಿ. ಸಂಘದ ಬೆಂಬಲದಿಂದ ಈಸ್ಟಮ್ ತನ್ನ ಹಳೆಯ ಕ್ಲಬ್ಬಿನ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದ. 1963ರ ಜುಲೈಯಲ್ಲಿ ತೀರ್ಪು ಬಂತು: ಮನುಷ್ಯನೊಬ್ಬನ ವೃತ್ತಿಯನ್ನು ಹೀಗೆ ಕಟ್ಟಿಹಾಕುವುದು ನ್ಯಾಯಸಮ್ಮತವಲ್ಲ. ಬಾಕಿ ಹಣ ಮಾತ್ರ ಆತನಿಗೆ ದಕ್ಕಲಿಲ್ಲ. ಆಡಲು ತಾನೇ ನಿರಾಕರಿಸಿದ್ದವನಿಗೆ ಕೂಲಿ ಕೊಡುವುದು ಬಿಡುವುದು ಕ್ಲಬ್ಬಿನ ಇಚ್ಛೆಯೆಂದು ನ್ಯಾಯಾಧೀಶರು ಹೇಳಿದರು. ಹಕ್ಕು ಗೆದ್ದಿತು, ಕಿಸೆ ಖಾಲಿಯಾಗಿಯೇ ಉಳಿಯಿತು. ಹೋರಾಟವೊಂದನ್ನು ಮೊದಲು ಮಾಡಿದವರ ಪಾಡು ಸಾಮಾನ್ಯವಾಗಿ ಇದೇ.

ಆ ನ್ಯಾಯಾಧೀಶರ ಹೆಸರು ರಿಚರ್ಡ್ ವಿಲ್ಬರ್‌ಫೋರ್ಸ್. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಜೀವಮಾನವಿಡೀ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸರ ವಂಶದ ಕುಡಿ. ಸೇಂಟ್ ಜೇಮ್ಸ್ ಪಾರ್ಕಿನಿಂದ ಇಳಿದು ಕೆಲವು ನಿಮಿಷ ನಡೆದರೆ ನಗರದ ನಡುಬೀದಿಯಲ್ಲಿ ಎತ್ತರದ ಕಂಬದ ಮೇಲೆ ಅರ್ಲ್ ಗ್ರೇ ಅವರ ಪ್ರತಿಮೆ ನಿಂತಿದೆ. ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿಯನ್ನು ತೊಡೆದ 1833ರ ಶಾಸನ ಅಂಗೀಕಾರವಾದದ್ದು ಇವರು ಪ್ರಧಾನಿಯಾಗಿದ್ದಾಗ. ಇವೆಲ್ಲ ಕಾಕತಾಳೀಯವೆಂದು ತಳ್ಳಿಹಾಕಬಹುದು. ಆದರೂ ಆ ಕಂಬದ ಬುಡದಲ್ಲಿ ಕುಳಿತು ಪಂದ್ಯದ ಹೊತ್ತಿಗಾಗಿ ಕಾಯುವ ಜನರ ನಡುವೆ ನಿಂತ ಪ್ರವಾಸಿಗೆ ಆ ಹಳೆಯ ಮೊಕದ್ದಮೆಯ ನೆನಪಾಗದಿರದು. ಈಸ್ಟಮ್ 2024ರ ಡಿಸೆಂಬರಿನಲ್ಲಿ ತೀರಿಕೊಂಡ. ನ್ಯೂಕ್ಯಾಸಲ್ಲಿಗೆ ಆತ ತಂದುಕೊಟ್ಟ ಕಪ್ಪು ಯಾವುದೂ ಇಲ್ಲ. ಕ್ರೀಡಾಂಗಣದ ಸುತ್ತ ನಿಲ್ಲಿಸಿರುವ ಪ್ರತಿಮೆಗಳು ಹುಟ್ಟೂರಿಗೆ ಮರಳಿ ಬಂದು ಉಳಿದ ಅಲನ್ ಷಿಯರರ್, ಗಣಿಗಾರನ ಮಗ ಬಾಬಿ ರಾಬ್ಸನ್ ಮುಂತಾದವರವು. ಉಳಿದವರಿಗೆ ಕಂಚು, ಹೊರಟವರಿಗೆ ಬರಿಯ ಕಾನೂನು ಪುಸ್ತಕ.

ಅನಂತರವೂ ಹೊರಡುವವರು ಹೊರಟೇ ಇದ್ದರು. 1985ರಿಂದ 1988ರೊಳಗೆ ವ್ಯಾಡಲ್, ಬಿಯರ್ಡ್ಸ್‌ಲಿ, ಗ್ಯಾಸ್ಕಾಯ್ನ್ ಎಂಬ ಮೂವರು ಈ ಸೀಮೆಯ ಮಕ್ಕಳೇ ಒಬ್ಬರಾದ ಮೇಲೊಬ್ಬರು ದಕ್ಷಿಣದ ದಾರಿ ಹಿಡಿದರು. ಹಡಗುಕಟ್ಟೆಗಳು ಕೆಲಸಗಾರರನ್ನು ಮನೆಗೆ ಕಳುಹಿಸುತ್ತಿದ್ದ ಕಾಲವೂ ಅದೇ. 1995ರ ಜನವರಿಯಲ್ಲಂತೂ ಆಟಗಾರ ಕೇಳದೆಯೇ ಬೀಳ್ಕೊಡುಗೆ ನಡೆಯಿತು. ಹಿಂದಿನ ಋತುವಿನಲ್ಲಿ 41 ಗೋಲು ಹೊಡೆದಿದ್ದ ಆಂಡಿ ಕೋಲ್‌ನನ್ನು ವ್ಯವಸ್ಥಾಪಕ ಕೆವಿನ್ ಕೀಗನ್ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಮಾರಿಬಿಟ್ಟರು. ಸುದ್ದಿ ಕೇಳಿ ಕ್ರೀಡಾಂಗಣದ ಮುಂದೆ ಜನ ಸೇರಿದರು. ಕೀಗನ್ ಒಳಗೆ ಅವಿತು ಕೂರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಬಂದು ನಿಂತು, ಕೋಪಗೊಂಡವರಿಗೆ ಮುಖಕ್ಕೆ ಮುಖ ಕೊಟ್ಟು, ಏಕೆ ಮಾರಿದೆನೆಂದು ವಿವರಿಸಿದರು. ತಪ್ಪಾಗಿದ್ದರೆ ಹೊಣೆ ತನ್ನದೆಂದರು. ಕೋಟಿಗಳ ವ್ಯವಹಾರದಲ್ಲಿ ಯಾರೋ ಒಬ್ಬರು ಮೆಟ್ಟಿಲಿಗೆ ಬಂದು ನಿಂತು ಉತ್ತರ ಕೊಟ್ಟರಲ್ಲ ಎಂಬುದನ್ನು ಊರು ಇನ್ನೂ ಮರೆತಿಲ್ಲ.

2025ರ ಪ್ರಸಂಗದಲ್ಲಿ ಇಲ್ಲದಿದ್ದುದು ಆ ಮೆಟ್ಟಿಲೇ. ಆ ವರ್ಷದ ಮಾರ್ಚ್ 16ರಂದು ವೆಂಬ್ಲಿಯಲ್ಲಿ ನ್ಯೂಕ್ಯಾಸಲ್ ಲಿವರ್‌ಪೂಲನ್ನು 2–1ರಿಂದ ಸೋಲಿಸಿ ಲೀಗ್ ಕಪ್ಪನ್ನು ಗೆದ್ದಿತು. ಎಪ್ಪತ್ತು ವರ್ಷಗಳ ಬರ ನೀಗಿತು. ಎರಡನೆಯ ಗೋಲು ಸ್ವೀಡನ್ನಿನ ನೀಳಕಾಯದ ತರುಣ ಅಲೆಕ್ಸಾಂಡರ್ ಇಸಾಕ್‌ನದು. ಕಪ್ಪಿನ ಮೆರವಣಿಗೆ ಬಂದು ಮುಗಿದದ್ದು ಆ ಗೋಮಾಳದಲ್ಲಿ, ನೆರೆದವರು ಲಕ್ಷಾಂತರ. ಆದರೆ ಬೇಸಗೆ ಮುಗಿಯುವ ಮೊದಲೇ ಇಸಾಕ್ ಹೊರಡಬೇಕೆಂದ. ತಂಡದೊಡನೆ ಏಷ್ಯದ ಪ್ರವಾಸಕ್ಕೆ ಹೋಗಲಿಲ್ಲ. ಆಗಸ್ಟಿನಲ್ಲಿ ಋತು ಆರಂಭವಾದರೂ ಮೈದಾನಕ್ಕೆ ಇಳಿಯಲಿಲ್ಲ. ಕೊಟ್ಟ ಮಾತಿಗೆ ಕ್ಲಬ್ಬು ತಪ್ಪಿದೆಯೆಂದು ಆತ ಬಹಿರಂಗವಾಗಿ ಬರೆದ; ಅಂಥ ಮಾತು ಕೊಟ್ಟೇ ಇಲ್ಲವೆಂದು ಕ್ಲಬ್ಬು ಹೇಳಿತು. ಆ ತಿಂಗಳ 25ರಂದು ಅದೇ ಲಿವರ್‌ಪೂಲ್ ಗುಡ್ಡದ ಮೇಲಕ್ಕೆ ಆಡಲು ಬಂತು. ಹತ್ತೇ ಜನರಾಗಿ ಉಳಿದ ನ್ಯೂಕ್ಯಾಸಲ್ ಎರಡು ಗೋಲು ಹಿಂದಿದ್ದುದನ್ನು ಸರಿದೂಗಿಸಿತು. ಕಡೆಯ ಗಳಿಗೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಹೊಡೆದ ಗೋಲಿನಿಂದ ಸೋತಿತು. ಸೆಪ್ಟೆಂಬರ್ 1ರಂದು ಇಸಾಕ್ 12 ಕೋಟಿ 50 ಲಕ್ಷ ಪೌಂಡಿಗೆ ಲಿವರ್‌ಪೂಲಿಗೇ ಹೋದ. ಬ್ರಿಟನ್ನಿನಲ್ಲಿ ಅಷ್ಟು ಹಣಕ್ಕೆ ಅದುವರೆಗೆ ಯಾವ ಆಟಗಾರನೂ ಕೈ ಬದಲಾಯಿಸಿರಲಿಲ್ಲ.

ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಈಸ್ಟಮ್‌ನ ಕರಾರು ಮುಗಿದಿತ್ತು, ಆದರೂ ಬಿಡುಗಡೆಯಿರಲಿಲ್ಲ. ಇಸಾಕ್‌ನ ಕರಾರು 2028ರವರೆಗೆ ಉಳಿದಿತ್ತು, ಆದರೂ ತಡೆಯಲಾಗಲಿಲ್ಲ. ಮೊದಲನೆಯವನು ತಿಂಗಳುಗಟ್ಟಲೆ ಬಿರಡೆ ಮಾರಿದ. ಎರಡನೆಯವನಿಗೆ ಅಂಥ ಕಷ್ಟವೇನೂ ಬರಲಿಲ್ಲ. ನ್ಯಾಯ ಮೊದಲನೆಯವನ ಕಡೆಗೆ ಪೂರ್ಣವಾಗಿ ಇತ್ತು. ಎರಡನೆಯವನ ಕಡೆಗೆ ಇದ್ದದ್ದು ಬಲ. ಆದರೆ ಗ್ಯಾಲೊಗೇಟಿನ ಬೆಂಚುಗಳಲ್ಲಿ ಕೂರುವವರಿಗೆ ಈ ವ್ಯತ್ಯಾಸದಿಂದ ಸಮಾಧಾನವಿಲ್ಲ. ಅವರ ಕರಾರಿಗೆ ಅವಧಿಯೆಂಬುದೇ ಇಲ್ಲ. ವರ್ಗಾವಣೆ ಕೇಳುವುದಕ್ಕೆ ಅವರಿಗೆ ಬೇರೆ ಊರೂ ಇಲ್ಲ.

ಬಿಟ್ಟುಹೋದವನು ಎದುರಾಳಿಯ ಅಂಗಿ ತೊಟ್ಟು ಮರಳಿ ಬಂದರೆ ಈ ಊರು ಏನು ಮಾಡುತ್ತದೆ? ಅದಕ್ಕೊಂದು ಹಳೆಯ ಲೆಕ್ಕವಿದೆ. 1927ರ ಪ್ರಶಸ್ತಿಯ ನಾಯಕ, ಸ್ಕಾಟ್ಲೆಂಡಿನ ಗಿಡ್ಡ ಮೈಯ ಹ್ಯೂಯಿ ಗ್ಯಾಲಕರ್‌ನನ್ನು ಕ್ಲಬ್ಬು 1930ರಲ್ಲಿ 10,000 ಪೌಂಡಿಗೆ ಚೆಲ್ಸಿಗೆ ಮಾರಿತ್ತು. ಅದೇ ಸೆಪ್ಟೆಂಬರಿನ ಒಂದು ಬುಧವಾರ ಚೆಲ್ಸಿ ತಂಡ ಸೇಂಟ್ ಜೇಮ್ಸ್ ಪಾರ್ಕಿಗೆ ಬಂತು. ಅಂದು ಒಳಗೆ ಸೇರಿದವರು 68,386 ಜನ. ಒಳಗೆ ಜಾಗ ಸಿಗದೆ ಹೊರಗೇ ನಿಂತವರು ಬೇರೆ. ಆ ಮೈದಾನದಲ್ಲಿ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ, ಆಮೇಲೂ ಸೇರಲಿಲ್ಲ. ಈಗಿನ ಕುರ್ಚಿಗಳ ಲೆಕ್ಕದಲ್ಲಿ ಸೇರುವಂತೆಯೂ ಇಲ್ಲ.