ನೇತ್ರಾಣಿಯ ನೀರಿನೊಳಗೆ

ಮುರುಡೇಶ್ವರಕ್ಕೆ ಹೋದವರು 123 ಅಡಿ ಎತ್ತರದ ಶಿವಮೂರ್ತಿಯ ದರ್ಶನ ಪಡೆದು, ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನೇರಿ, ಪಡುವಣ ಕಡಲನ್ನು ಕಣ್ತುಂಬಿಕೊಂಡು ಮರಳುವುದು ವಾಡಿಕೆ. ಆ ಕಡಲಿನಲ್ಲಿ ದಡದಿಂದ ಸುಮಾರು 19 ಕಿಲೋಮೀಟರ್ ದೂರಕ್ಕೆ ನೇತ್ರಾಣಿ ಎಂಬ ಗುಡ್ಡದಂತಹ ದ್ವೀಪವಿದೆ. ಬಿಳಿಹೊಟ್ಟೆಯ ಕಡಲಹದ್ದುಗಳು ಅದರ ಮರಗಳಲ್ಲಿ ಗೂಡು ಕಟ್ಟುತ್ತವೆ. ನೌಕಾಪಡೆಯವರು ಅದರ ಬಂಡೆಗಳನ್ನು ಗುರಿಯಾಗಿಸಿ ಗುಂಡು ಹಾರಿಸುವ ಅಭ್ಯಾಸ ನಡೆಸಿದ್ದೂ ಉಂಟು. ದ್ವೀಪದ ಬುಡದಲ್ಲಿ, ನೀರಿನ ಕೆಳಗೆ, ಹವಳದ ಲೋಕವಿದೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜಕುಮಾರ್ ಅವರು ಇಲ್ಲಿ ನೀರಿಗಿಳಿದುದನ್ನು ಕಂಡ ಮೇಲೆ ಒಳನಾಡಿನ ಮನೆಗಳಲ್ಲಿಯೂ ಇದರ ಹೆಸರು ಕೇಳಿಬರತೊಡಗಿತು.

ಮಳೆಗಾಲದಲ್ಲಿ ಅತ್ತ ದೋಣಿ ಹೋಗುವುದಿಲ್ಲ. ಕಡಲು ಶಾಂತವಾದ ಮೇಲೆ, ಚಳಿಗಾಲದಲ್ಲಿ, ನೀರೊಳಗಿನ ಛಾಯಾಗ್ರಹಣವನ್ನು ಕಲಿಸುವ ಮೂರು ದಿನಗಳ ಶಿಬಿರವೊಂದರಲ್ಲಿ ನಾವು ಎಂಟು ಮಂದಿ ಪಾಲ್ಗೊಂಡೆವು. ಎಲ್ಲರೂ ಮೊದಲೇ ಮುಳುಗು ತರಬೇತಿ ಪಡೆದವರು.

ಮೊದಲ ದಿನ ಕಳೆದದ್ದು ಈಜುಕೊಳದಲ್ಲಿ. ಕ್ಯಾಮೆರಾವನ್ನು ನೀರಿನಿಂದ ರಕ್ಷಿಸುವ ಹೊಸ ಗಟ್ಟಿ ಪೆಟ್ಟಿಗೆಗಳನ್ನು ತೆರೆದೆವು. ಪೆಟ್ಟಿಗೆಯ ಬಾಯಿಗೆ ರಬ್ಬರಿನ ಒಂದು ತೆಳುವಾದ ಬಳೆ. ಸಾವಿರಾರು ರೂಪಾಯಿಯ ಕ್ಯಾಮೆರಾದ ಅಳಿವು ಉಳಿವು ಅದರ ಮೇಲೆಯೇ ನಿಂತಿದೆ. ಅದರ ಮೇಲೆ ಒಂದು ಕೂದಲೆಳೆ ಕುಳಿತರೂ ನೀರು ಒಳನುಗ್ಗುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ಎರಡು ಪಟ್ಟಾಗಿರುತ್ತದಷ್ಟೆ. ಆದುದರಿಂದ ಮೊದಲು ಕ್ಯಾಮೆರಾ ಇಲ್ಲದೆ, ಒಳಗೆ ಒಂದು ಕಾಗದದ ಕರವಸ್ತ್ರವನ್ನಷ್ಟೇ ಇಟ್ಟು ಪೆಟ್ಟಿಗೆಯನ್ನು ಮುಳುಗಿಸಿದೆವು. ಕಾಗದ ಒಣಗಿಯೇ ಹೊರಬಂದಾಗ ಎಲ್ಲರ ಮುಖದಲ್ಲೂ ನೆಮ್ಮದಿ.

ನೆಲದ ಮೇಲೆ ಚಿತ್ರ ತೆಗೆಯುವವರಿಗೆ ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿಯುವ ಅಭ್ಯಾಸ. ನೀರಿನಲ್ಲಿ ಅದು ಪ್ರಾಣಕ್ಕೇ ಎರವು. ಬಿಗಿಹಿಡಿದ ಉಸಿರು ಮೇಲೇರುವಾಗ ಹಿಗ್ಗಿ ಶ್ವಾಸಕೋಶವನ್ನು ಸೀಳಬಲ್ಲುದು. ಈ ಒಂದು ಅಭ್ಯಾಸವನ್ನು ಬಿಡಿಸಲು ಶಿಕ್ಷಕರು ಅರ್ಧ ದಿನ ಶ್ರಮಿಸಿದರು.

ಎರಡನೆಯ ದಿನ ದೋಣಿಯಲ್ಲಿ ಒಂದು ಪ್ರಸಂಗ. ತೂಗಾಡುವ ವಸ್ತು ಹವಳಕ್ಕೋ ಗಾಳಿಯ ಕೊಳವೆಗೋ ಸಿಕ್ಕಿಕೊಳ್ಳುವುದರಿಂದ ಕೊರಳಲ್ಲಿರುವುದನ್ನೆಲ್ಲ ತೆಗೆದಿಡಬೇಕೆಂದು ಶಿಕ್ಷಕರು ಹೇಳಿದರು. ನಮ್ಮೊಡನಿದ್ದ ಹುಬ್ಬಳ್ಳಿಯ ಶಾಲಾ ಶಿಕ್ಷಕಿಯೊಬ್ಬರು ಕದಲಲಿಲ್ಲ.

“ಸರ್, ಇದು ಒಡವೆಯಲ್ಲ, ಇಷ್ಟಲಿಂಗ. ಇದನ್ನು ಅಗಲಿ ನಾನು ನೀರಿಗಿಳಿಯಲಾರೆ. ಬೇಕಾದರೆ ಇಲ್ಲಿಯೇ ಕುಳಿತಿರುತ್ತೇನೆ.”

ಕರಾವಳಿಯವರಾದ ಆ ಶಿಕ್ಷಕರು ಒಂದು ಗಳಿಗೆ ಯೋಚಿಸಿದರು. “ಅಕ್ಕಾ, ನನಗೆ ಬೇಡವಾದದ್ದು ತೂಗಾಡುವುದು ಮಾತ್ರ” ಎಂದರು. ಬೆಳ್ಳಿಯ ಕರಡಿಗೆಯನ್ನು ಚೀಲದಲ್ಲಿರಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡು, ಮೇಲೆ ರಬ್ಬರಿನ ಉಡುಪು ತೊಟ್ಟು ಆ ತಾಯಿ ಎಲ್ಲರಿಗಿಂತ ಮುಂಚೆ ನೀರಿಗಿಳಿದರು. ನಿಯಮದ ಉದ್ದೇಶವನ್ನು ಅರಿತವರು ಹೀಗೆ ದಾರಿ ಕಂಡುಕೊಳ್ಳುತ್ತಾರೆ. ಅಕ್ಷರವನ್ನಷ್ಟೇ ಹಿಡಿದವರಾಗಿದ್ದರೆ ಆಕೆ ದೋಣಿಯಲ್ಲೇ ಉಳಿಯುತ್ತಿದ್ದರು.

ನೀರಿನೊಳಗೆ ಮೊದಲು ಮರೆಯಾಗುವ ಬಣ್ಣ ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಶಿಕ್ಷಕರ ಕೈಯ ಕೆಂಪು ಬಟ್ಟೆ ಮಂಕಾಗುತ್ತಾ ಬಂದಿತ್ತು. ಇನ್ನೂ ಕೆಳಗೆ ಅದು ಬೂದಿ ಬಣ್ಣಕ್ಕೆ ತಿರುಗಿತು. ಬಂಡೆಯ ಸಂದಿನಲ್ಲಿ ನಿಂತಿದ್ದ ಸಿಂಹಮೀನೂ ಹಾಗೆಯೇ ಕಳೆಗುಂದಿ ಕಂಡಿತು. ಹೊಸ ಫ್ಲ್ಯಾಶ್ ದೀಪವು ಮಿಂಚಿದ ಕ್ಷಣದಲ್ಲಿ ಕ್ಯಾಮೆರಾದ ಪರದೆಯ ಮೇಲೆ ಅದರ ಕೆಂಪು ಪಟ್ಟೆಗಳು ಮೂಡಿದವು. 1926ರಲ್ಲಿ ಅಮೆರಿಕದ ಫ್ಲಾರಿಡಾದ ಬಳಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಎಂಬವರು ನೀರೊಳಗಿನ ಮೊದಲ ವರ್ಣಚಿತ್ರಗಳನ್ನು ತೆಗೆಯಲು ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಗಿತ್ತು. ಇಂದು ಬೆರಳೊಂದು ಸಾಕು. ಆದರೂ ದೀಪವನ್ನು ಕ್ಯಾಮೆರಾಕ್ಕೆ ಅಂಟಿಸಿದಂತೆ ಹಿಡಿದರೆ ನೀರಿನ ಧೂಳುಕಣಗಳೆಲ್ಲ ಹೊಳೆದು ಚಿತ್ರದ ತುಂಬ ಹಿಮ ಸುರಿದಂತಾಗುತ್ತದೆ. ಅದಕ್ಕಾಗಿಯೇ ಅದನ್ನು ಉದ್ದನೆಯ ತೋಳುಗಳಿಗೆ ಸಿಕ್ಕಿಸಿ ಪಕ್ಕಕ್ಕೆ ಚಾಚುವುದು.

ಶಿಬಿರದ ಕಟ್ಟುನಿಟ್ಟು ಒಂದೇ: ಹವಳವನ್ನು ಮುಟ್ಟಿ, ಆತುಕೊಂಡು ತೆಗೆದ ಚಿತ್ರವನ್ನು ಸಂಜೆ ತೋರಿಸುವಂತಿಲ್ಲ. ಹವಳ ಕಲ್ಲಲ್ಲ, ಅಸಂಖ್ಯ ಸೂಕ್ಷ್ಮ ಜೀವಿಗಳ ಊರು. ಒಂದು ಕಾಲೊದೆತಕ್ಕೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳು ಬೇಕು. ಬರಿಗೈಯಲ್ಲಿ ಇಳಿದವನಿಗೆ ಈ ಆಸೆ ಇರದು, ಕ್ಯಾಮೆರಾ ಕೈಗೆ ಬಂದೊಡನೆ ಹುಟ್ಟುತ್ತದೆ. ಹುಬ್ಬಳ್ಳಿಯ ಆ ಶಿಕ್ಷಕಿಗೆ ಪೊಟರೆಯೊಂದರಲ್ಲಿ ಹಾವಿನಂತಹ ಮೋರೆ ಮೀನು ಬಾಯ್ದೆರೆದು ನಿಂತದ್ದು ಕಂಡಿತು. ಒಂದು ಮೊಣಕೈ ಊರಿದ್ದರೆ ಚಿತ್ರ ಸಿಗುತ್ತಿತ್ತು. ಪ್ರವಾಹ ಅವರನ್ನು ತಳ್ಳುತ್ತಿತ್ತು. ಮೂರು ಬಾರಿ ಯತ್ನಿಸಿ, ಕ್ಯಾಮೆರಾ ತಗ್ಗಿಸಿ, ಸುಮ್ಮನೆ ನೋಡುತ್ತಾ ತೇಲಿದರು. ಸಂಜೆ ಅವರು ತೋರಿಸಿದ್ದು ಒಂದು ಸಾಧಾರಣ ಗಿಳಿಮೀನು. ನಮ್ಮೆಲ್ಲರ ಚಪ್ಪಾಳೆ ಗಿಟ್ಟಿಸಿದ ಚಿತ್ರ ಬೇರೆಯವರದು.

ಉಪಕರಣಗಳು ದುಬಾರಿ, ಮುಳುಗಲು ಕಲಿಯದೆ ಅವನ್ನು ಕೊಳ್ಳುವುದು ಅವಿವೇಕ. ಹೃದಯ, ಉಬ್ಬಸದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಹಿಂದಿರುಗಿದೊಡನೆ ಕ್ಯಾಮೆರಾ ಪೆಟ್ಟಿಗೆಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ನೆನೆಯಿಟ್ಟೆವು. ಪಕ್ಕದಲ್ಲಿಯೇ ಆ ತಾಯಿ ತಂಬಿಗೆಯ ನೀರಿನಲ್ಲಿ ಲಿಂಗಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಪೂಜೆಗೆ ಕುಳಿತರು.