ಆಗುಂಬೆಗೆ ಹೊರಟು ಇಂಜಿನ್ನಿನೊಳಗೆ

ಹೆಬ್ರಿ ದಾಟುವಾಗಲೇ ಕೇಳಿಸಿತ್ತು. ಕೇಳದವನ ಹಾಗೆ ಇದ್ದೆ. ಡಿಸೆಂಬರಿನ ತಿಳಿ ಆಕಾಶ, ಆಗುಂಬೆಯ ಸೂರ್ಯಾಸ್ತಕ್ಕೆ ಇನ್ನೂ ನಾಲ್ಕು ಗಂಟೆ. ಇಪ್ಪತ್ತು ವರ್ಷ ದುಡಿದ 100 ಸಿಸಿ ಬೈಕಿನ ಗೊಣಗಾಟಕ್ಕೆಲ್ಲ ಕಿವಿಗೊಟ್ಟರೆ ಊರು ಸೇರಿದ ಹಾಗೆಯೇ! ಆದರೆ ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಡಬ್ಬದಲ್ಲಿ ಹುಣಸೆಬೀಜ ಕುಲುಕಿದಂತೆ ಗಲಗಲ. ಮುಂದಿರುವುದು 14 ಹೇರ್‌ಪಿನ್ ತಿರುವುಗಳ ಘಾಟಿ.

ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್. ಬೈಕು ನಿಲ್ಲಿಸುವ ಮೊದಲೇ ತಲೆಯೆತ್ತಿದರು. “ಎಂತ ಮಾರಾಯ್ರೆ, ಚೆಂಡೆ ಕಟ್ಟಿಕೊಂಡೇ ಬಂದದ್ದಾ?”

“ಟ್ಯಾಪೆಟ್ ಇರಬಹುದು” ಅಂದೆ, ಬಲ್ಲವನ ಹಾಗೆ. ಅವರು ಇಂಜಿನ್ ಆರಲು ಬಿಟ್ಟು, ಕೂದಲೆಳೆಯಷ್ಟು ಸಂದು ಬಿಟ್ಟು ಟ್ಯಾಪೆಟ್ ಕೂರಿಸಿ ತೋರಿಸಿದರು. ಮತ್ತೆ ಸ್ಟಾರ್ಟ್ ಮಾಡಿದರೆ ಸೌಂಡು ಹಾಗೆಯೇ. ಕ್ಲಚ್ ಹಿಡಿದರು, ಬದಲಾಗಲಿಲ್ಲ. ಆಕ್ಸಿಲೇಟರ್ ಏರಿಸಿ ಹಿಡಿದರು, ಗಲಗಲ ಅಡಗಿತು. ಥಟ್ಟನೆ ಬಿಟ್ಟರು: ಝರ್ರ್! ಅವರ ಮುಖದಲ್ಲಿ ಕಳ್ಳ ಸಿಕ್ಕಿದ ಖುಷಿ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿನ ಎಡಮಗ್ಗುಲಿಗೆ ಒತ್ತಿ ಹಿಡಿಯನ್ನು ನನ್ನ ಕಿವಿಗೆ ಕೊಟ್ಟರು. ಅಬ್ಬಾ! ಹೊರಗೆ ಬರೀ ಗದ್ದಲವಾಗಿದ್ದದ್ದು ಒಳಗೆ ಒಂದು ಊರೇ. ಮೇಲೆ ವಾಲ್ವುಗಳ ಟಿಕ್‌ಟಿಕ್, ಕೆಳಗೆ ಕ್ರ್ಯಾಂಕಿನ ಗುಂಯ್ ಗುಂಯ್, ಎರಡರ ನಡುವೆ ಗೋಡೆ ಕೆರೆಯುತ್ತ ಓಡುವ ಸರಪಳಿ.

“ಟೈಮಿಂಗ್ ಚೈನ್ ಲೂಸ್.”

ಹೆಡ್ಡಿನ ಪಕ್ಕದ ದುಂಡು ಮುಚ್ಚಳ ತೆಗೆದು ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪಾನರ್ ಹಾಕಿ ಚೂರು ಹಿಂದೆ, ಚೂರು ಮುಂದೆ ತಿರುಗಿಸಿದರು. ಕೆಳಗೆ ಕ್ರ್ಯಾಂಕ್ ಹೊರಟರೂ ಮೇಲಿನ ಹಲ್ಲುಗಾಲಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎಚ್ಚರಾದಂತೆ ತಿರುಗಿತು. ಆ ಒಂದು ಗಳಿಗೆಯೇ ಕಾಯಿಲೆ. ಮೇಲಿನ ಆ ಕ್ಯಾಮಿನ ಗಾಲಿಗೆ ಕ್ರ್ಯಾಂಕಿನದರ ಸರಿಯಾಗಿ ಎರಡು ಪಟ್ಟು ಹಲ್ಲು; ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ಬಾಗಿಲು ತೆರೆದು ಮುಚ್ಚಬೇಕು. ಬೆರಳಿನಷ್ಟೂ ಅಗಲವಿಲ್ಲದ ಈ ಸರಪಳಿ ಹೇಳಿದಾಗ ಮಾತ್ರ! ಇದು ಒಂದು ಹಲ್ಲು ಹಾರಿದರೂ ಲೆಕ್ಕ ತಪ್ಪುತ್ತದೆ. ತೀರಾ ತಪ್ಪಿದರೆ ವಾಲ್ವು ಪಿಸ್ಟನ್ನಿನ ತಲೆಗೇ ಬಡಿಯುವುದುಂಟು. ಇಪ್ಪತ್ತು ವರ್ಷ ನಾನು ಇದರ ಮೇಲೆ ಕೂತು ಗುಡ್ಡ ಬೆಟ್ಟ ನೋಡುತ್ತಿದ್ದೆ, ಕೆಳಗೆ ನೋಡಿರಲಿಲ್ಲ.

ಶೆಡ್ಡಿನ ಹುಡುಗ ಬಸ್ಸಿನಲ್ಲಿ ಹೆಬ್ರಿಗೆ ಹೋಗಿ ಸಾಮಾನು ತಂದ. ಪುಲ್ಲರ್ ಹಾಕಿ ಎಳೆದರೆ ಮ್ಯಾಗ್ನೆಟ್ ಹೊರಬಂತು, ಹಿಂದೆಯೇ ಸರಪಳಿ ಬಿಗಿಹಿಡಿಯುವ ಟೆನ್ಷನರಿನ ರಬ್ಬರ್ ರೋಲರ್. ಸರಪಳಿ ಅದರ ಮೈಯನ್ನು ಬಾವಿಕಟ್ಟೆಯ ಕಲ್ಲನ್ನು ಹಗ್ಗ ಸವೆಸಿದಂತೆ ಕೊರೆದಿತ್ತು. ಹೊಸ ಚೈನು, ಹೊಸ ರೋಲರು. ಮ್ಯಾಗ್ನೆಟ್ಟಿನ ‘ಟಿ’ ಗುರುತು, ಮೇಲಿನ ಗಾಲಿಯ ಚುಕ್ಕೆ, ಎರಡೂ ತಮ್ಮ ತಮ್ಮ ಗೆರೆಗೆ ಬಂದು ನಿಲ್ಲುವ ತನಕ ಅವರು ಉಸಿರೇ ಬಿಟ್ಟಂತೆ ಕಾಣಲಿಲ್ಲ.

ಸೂರ್ಯ ಮುಳುಗುವಾಗ ನಾನಿನ್ನೂ ಘಾಟಿಯ ನಡುವೆ. ತಿರುವೊಂದರಲ್ಲಿ ನಿಲ್ಲಿಸಿ ಆಕ್ಸಿಲೇಟರ್ ಏರಿಸಿ ಬಿಟ್ಟೆ. ಝರ್ರ್ ಇಲ್ಲ. ಇಂಜಿನ್ ಆರಿಸಿದೆ. ಕತ್ತಲಾಗುತ್ತಿದ್ದ ಕಾಡಿನಿಂದ ಜೀರುಂಡೆಗಳ ಸದ್ದು ಒಮ್ಮೆಲೇ ಎದ್ದಿತು. ಎಡಗಡೆಯದೋ ಬಲಗಡೆಯದೋ ಎಂದು ಕಿವಿ ಹುಡುಕತೊಡಗಿತು.