ಕೆಂಗೂದಲಿನ ಅಪರಿಚಿತ

ಕಂಟ್ರಿ ಸಂಗೀತ ಎಂದರೆ ನನಗೆ ಅಷ್ಟಕ್ಕಷ್ಟೇ. ಹಾಡು ಶುರುವಾಗುವುದೇ ತಡ, ಸ್ಟೀಲ್ ಗಿಟಾರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಗೋಳಿಡತೊಡಗುತ್ತದೆ. ಗಾಯಕ ಮೂಗಿನಲ್ಲಿ ದನಿ ಎಳೆಯುತ್ತಾನೆ. ಹೆಂಡತಿ ಬಿಟ್ಟುಹೋಗಿರುತ್ತಾಳೆ, ಬಾಟಲಿ ಬರಿದಾಗಿರುತ್ತದೆ, ಪಿಕಪ್ ಟ್ರಕ್ಕೊಂದು ಮಾತ್ರ ನಿಷ್ಠೆಯಿಂದ ಮನೆ ಮುಂದೆ ನಿಂತಿರುತ್ತದೆ. ದುಃಖದ ಬಗ್ಗೆ ನನ್ನ ತಕರಾರಿಲ್ಲ. ದುಃಖವನ್ನು ಬಿಟ್ಟು ಬದುಕಿದ ಸಂಗೀತ ಯಾವುದಿದೆ? ಆದರೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಿಸುವುದಿದೆಯಲ್ಲ, ಅದು ನನಗೆ ಆಗಿಬರುವುದಿಲ್ಲ. ಅರವತ್ತರ ದಶಕದ ನ್ಯಾಶ್‌ವಿಲ್ ಧ್ವನಿಮುದ್ರಿಕೆಗಳಲ್ಲಂತೂ ಈ ಮುದ್ದಿಗೆ ಸಾಲು ಸಾಲು ಪಿಟೀಲುಗಳು, ಹಿಂದೆ ನಿಂತು 'ಊ' ಎನ್ನುವ ಮೇಳ ಬೇರೆ.

ಡಲ್ಲಾಸಿನಲ್ಲಿರುವ ನನ್ನ ಭಾವಮೈದನಿಗೆ ಇವೆಲ್ಲ ಪಂಚಪ್ರಾಣ. ಅವನ ಕಾರು ಹತ್ತಿದರೆ ಬೇರೆ ದಾರಿಯಿಲ್ಲ, ಕೇಳಲೇಬೇಕು. ಆಸ್ಟಿನ್‌ಗೆ ಹೊರಟಾಗ, "ಭಾವ, ಇದೊಂದು ಕೇಳಿ. ಹಿಡಿಸ್ಲಿಲ್ಲ ಅಂದ್ರೆ ಮುಂದಿನ ದಾರಿಯೆಲ್ಲ ನಿಮ್ಮ ಮನ್ಸೂರರೇ" ಎಂದು ಒಪ್ಪಂದ ಮಾಡಿಕೊಂಡ. ಹಾಕಿದ್ದು ವಿಲ್ಲಿ ನೆಲ್ಸನ್‌ನ 'ರೆಡ್ ಹೆಡೆಡ್ ಸ್ಟ್ರೇಂಜರ್', 1975ರ ಆಲ್ಬಮ್. ಇಡೀ ಆಲ್ಬಮ್ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟು ಹೊತ್ತು ಸಹಿಸಿಕೊಂಡರೆ ಮನ್ಸೂರರು ಸಿಗುತ್ತಾರಲ್ಲ ಎಂದು ಸೀಟಿಗೊರಗಿದೆ.

ಪಿಟೀಲುಗಳ ದಂಡು ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಬರಲಿಲ್ಲ. ಒಂದು ಗಿಟಾರು, ಒಂದು ಗಂಟಲು. ಬೇಕೆನಿಸಿದಾಗ ಅಕ್ಕ ಬಾಬಿ ನೆಲ್ಸನ್‌ಳ ಪಿಯಾನೊ, ಮಿಕಿ ರಫಾಯೆಲ್‌ನ ಹಾರ್ಮೋನಿಕಾ. ತಾಳವಾದ್ಯ ಇದೆಯೋ ಇಲ್ಲವೋ ಎಂಬಂತೆ. ಕಥೆಯೂ ಅಷ್ಟೇ ಬಡಕಲು: ಒಬ್ಬ ಪಾದ್ರಿ, ಅವನನ್ನು ತೊರೆದ ಹೆಂಡತಿ. ಅವನು ಅವಳನ್ನೂ ಅವಳ ಪ್ರಿಯನನ್ನೂ ಕೊಂದು ಕುದುರೆಯೇರಿ ಅಲೆಯುತ್ತಾನೆ. ನಡುನಡುವೆ ಪಾದ್ರಿಯ ಕಾಲದ ಆ ಮೊದಲ ರಾಗ ಮರಳಿ ಬಂದು ಕಥೆಯನ್ನು ಮುಂದಕ್ಕೆ ದಾಟಿಸುತ್ತದೆ. ಹರಿಕಥೆ ಕೇಳಿ ಬೆಳೆದ ಕಿವಿಗೆ ಈ ಕ್ರಮ ಹೊಸದೇನಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೈನ್'. ಫ್ರೆಡ್ ರೋಸ್ ನಲವತ್ತರ ದಶಕದಲ್ಲಿ ಬರೆದ ಹಳೆಯ ಹಾಡು. ಅಗಲಿಕೆ, ಮಳೆ, ಕಣ್ಣೀರು, ಪರಲೋಕದಲ್ಲಿ ಭೇಟಿ: ನಾನು ದೂರವಿಡುವ ಸಾಮಾನೆಲ್ಲ ಇದರಲ್ಲೇ ಇದೆ. ಆದರೆ ವಿಲ್ಲಿ ಅಳುವುದೇ ಇಲ್ಲ. ಗಿಟಾರು ಘಾತ ಹಾಕಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ಪದ ಎತ್ತಿಕೊಳ್ಳುತ್ತಾನೆ. ಮುಂದಿನ ಸಾಲಿಗೆ ಬೇಗ ಬಂದು ತಾಳಕ್ಕಾಗಿ ಕಾಯುತ್ತಾನೆ. ಅನಾಗತ, ಅತೀತ ಎಂದು ನಮ್ಮ ಮೇಷ್ಟರು ಕೈಯಲ್ಲಿ ತಾಳ ಹಾಕಿಸಿ ಕಲಿಸಿದ್ದನ್ನು ಈ ಮನುಷ್ಯ ಮಾತಾಡಿದಷ್ಟು ಸಲೀಸಾಗಿ ಮಾಡುತ್ತಾನೆ. ಸ್ವರ ಹಿಡಿದು ನಿಲ್ಲಿಸುವ ಕಡೆ ನಿಲ್ಲಿಸುವುದಿಲ್ಲ, ಬಿಟ್ಟುಬಿಡುತ್ತಾನೆ. ಹೇಳುವುದನ್ನು ಹೇಳಿದ್ದೇನೆ, ಕರಗುವುದು ಬಿಡುವುದು ನಿಮಗೆ ಸೇರಿದ್ದು ಎಂಬಂತೆ.

ಆ ಗಿಟಾರಿನ ನಾದವೂ ಬೇರೆ. ಮಾರ್ಟಿನ್ ಕಂಪನಿಯ ಎನ್-20, ನೈಲಾನ್ ತಂತಿಯದು. ಬೆರಳಿನಿಂದ ಮೀಟಲೆಂದು ಮಾಡಿದ್ದನ್ನು ವಿಲ್ಲಿ ಪ್ಲೆಕ್ಟ್ರಮ್ ಹಿಡಿದು ಮೀಟಿ ಮೀಟಿ, ನಾದರಂಧ್ರದ ಪಕ್ಕದಲ್ಲೇ ಮರ ಸವೆದು ಇನ್ನೊಂದು ತೂತಾಗಿದೆ. ಹೆಸರು ಟ್ರಿಗರ್, ಸಿನಿಮಾ ಕೌಬಾಯ್ ರಾಯ್ ರಾಜರ್ಸ್‌ನ ಕುದುರೆಯ ಹೆಸರು. ಟೆನೆಸ್ಸಿಯಲ್ಲಿ ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಈ ಗಿಟಾರನ್ನು ಎತ್ತಿಕೊಂಡು ಬಂದವನು ಆತ. ಆಮೇಲೆ ನ್ಯಾಶ್‌ವಿಲ್ಲನ್ನು ಬಿಟ್ಟು ಟೆಕ್ಸಸ್‌ಗೆ ಮರಳಿದ.

ಈ ಆಲ್ಬಮ್ ಮುದ್ರಣವಾದದ್ದು ಡಲ್ಲಾಸಿನ ಮಗ್ಗುಲಿನ ಗಾರ್ಲೆಂಡ್‌ನಲ್ಲಿ. ಖರ್ಚು ಸುಮಾರು 4,000 ಡಾಲರ್ ಎನ್ನುತ್ತಾರೆ. ಕೊಲಂಬಿಯಾ ಕಂಪನಿಯವರು ಕೇಳಿ, ಇದು ಬರೀ ಡೆಮೊ, ಇನ್ನೂ ವಾದ್ಯ ಸೇರಿಸಬೇಕು ಎಂದುಕೊಂಡರಂತೆ. ಆದರೆ ಕರಾರಿನ ಪ್ರಕಾರ ಕೊನೆಯ ಮಾತು ವಿಲ್ಲಿಯದು. ಒಂದು ತಂತಿಯನ್ನೂ ಸೇರಿಸಲು ಬಿಡಲಿಲ್ಲ. 1961ರಲ್ಲೇ ಪ್ಯಾಟ್ಸಿ ಕ್ಲೈನ್ ಹಾಡಿದ 'ಕ್ರೇಜಿ'ಯನ್ನು ಬರೆದಿದ್ದವನು, ತನ್ನ ದನಿಯಲ್ಲೇ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಕಂಡದ್ದು 1975ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಈ ಮಳೆಯ ಹಾಡಿನಿಂದ.

ಎಲ್ಲವೂ ಗಂಟಲಲ್ಲಿ ಇಳಿಯಿತು ಎನ್ನಲಾರೆ. ಶೀರ್ಷಿಕೆಯ ಹಾಡಿನಲ್ಲಿ ಒಬ್ಬ ಹೆಂಗಸು ಆ ಪಾದ್ರಿಯ ಕುದುರೆಗೆ ಕೈಹಾಕುತ್ತಾಳೆ, ಅಷ್ಟಕ್ಕೇ ಗುಂಡು. ಕುದುರೆ ಕದಿಯಲು ಬಂದವಳು ಎಂಬ ನೆಪದಲ್ಲಿ ಅವನನ್ನು ಯಾರೂ ಗಲ್ಲಿಗೇರಿಸುವುದಿಲ್ಲ. ಅದಾದ ಸ್ವಲ್ಪ ಹೊತ್ತಿಗೆ ಬಾಬಿಯ ಪಿಯಾನೊದಲ್ಲಿ, ಮಾತಿಲ್ಲದೆ, ಚರ್ಚಿನ ಪ್ರಾರ್ಥನಾಗೀತೆಯೊಂದು ಬರುತ್ತದೆ. ಎಷ್ಟು ಮೃದು ಎಂದರೆ ಕೇಳುವವನಿಗೇ ಮುಜುಗರ.

"ಇವನನ್ನ ಹೀಗೇ ಬಿಟ್ಟುಬಿಡ್ತಾರೇನೋ?" ಎಂದೆ.

"ಕಥೆ ಅಲ್ವಾ ಭಾವ. ಹರಿಕಥೇಲಿ ಕೊಲೆ ನಡೆಯಲ್ವಾ?"

"ನಡೆಯುತ್ತೆ. ಆದರೆ ದಾಸರು ಲೆಕ್ಕ ಚುಕ್ತಾ ಮಾಡಿಸದೆ ಮಂಗಳ ಹಾಡಲ್ಲ."

ಇಲ್ಲಿ ಲೆಕ್ಕ ಚುಕ್ತಾ ಆಗುವುದಿಲ್ಲ. ಕೊಂದವನಿಗೆ ಇನ್ನೊಂದು ಪ್ರೀತಿ, ಇನ್ನೊಂದು ಮನೆ ಸಿಕ್ಕುತ್ತದೆ. ಸತ್ತ ಹೆಂಗಸರಿಗೆ ಒಂದು ಹೆಸರೂ ಇಲ್ಲ. ನೈಲಾನ್ ತಂತಿಯ ಇಂಪು ಇದನ್ನು ಮುಚ್ಚಿಹಾಕುತ್ತದೆಯೇ, ಇಲ್ಲವೇ ಎದ್ದು ಕಾಣಿಸುತ್ತದೆಯೇ? ಆಬಟ್ ಎಂಬ ಊರಿನ ಬೋರ್ಡು ದಾಟುವವರೆಗೂ ಇದೇ ಚರ್ಚೆ. ವಿಲ್ಲಿ 1933ರಲ್ಲಿ ಹುಟ್ಟಿದ ಊರು ಅದೇ ಎಂದು ಭಾವಮೈದ ಕೈ ತೋರಿಸಿದ. ಹೆದ್ದಾರಿಯಿಂದ ಕಂಡದ್ದು ಬಯಲು, ನಾಲ್ಕಾರು ಛಾವಣಿ.

ಮನ್ಸೂರರ ಸರದಿ ಬರಲಿಲ್ಲ, ಮತ್ತೊಮ್ಮೆ ಹಾಕು ಎಂದದ್ದು ನಾನೇ. ಹಾಗೆಂದು ಮತಾಂತರವೇನೂ ಆಗಿಲ್ಲ. ಅವನು ಆಮೇಲೆ ಕಳಿಸಿದ ಕಂಟ್ರಿ ಹಾಡುಗಳಲ್ಲಿ ಬಹುಪಾಲು ಮೊದಲ ಚರಣಕ್ಕೇ ನಿಂತುಹೋದವು. ಸ್ಟೀಲ್ ಗಿಟಾರಿನ ಗೋಳು ನನಗೆ ಈಗಲೂ ಗೋಳೇ. ಉಳಿದುಕೊಂಡದ್ದು ವಿಲ್ಲಿಯದೇ 'ಸ್ಟಾರ್‌ಡಸ್ಟ್', 1978ರದ್ದು. ಬೂಕರ್ ಟಿ. ಜೋನ್ಸ್ ಸಜ್ಜುಗೊಳಿಸಿದ ಹಳೆಯ ಜನಪ್ರಿಯ ಗೀತೆಗಳು. ರಾತ್ರಿ ಊಟವಾದ ಮೇಲೆ ಆಗಾಗ ಹಾಕಿಕೊಳ್ಳುತ್ತೇನೆ. ಭಾವಮೈದನಿಗೆ ಹೇಳಿದರೆ, "ಅದು ಕಂಟ್ರೀನೇ ಅಲ್ಲ ಭಾವ, ಲೆಕ್ಕಕ್ಕಿಲ್ಲ" ಎನ್ನುತ್ತಾನೆ. ಗಿಟಾರು ಅದೇ, ತಡವಾಗಿ ಬರುವ ದನಿಯೂ ಅದೇ. ಇವನದು ಅದ್ಯಾವ ಲೆಕ್ಕವೋ.